ಮಾತೆ ರಮಾಬಾಯಿ: ಮನೆಯೊಳಗಿನ ಋಣ



*ಇಂದಿನ ಚಿಂತನ: ಕೃತಜ್ಞತೆ*

ಬಂಧುಗಳೇ, ಪದಗಳನ್ನು ಬಿಡಿಸಿ ಹೇಳುವುದು ಕನ್ನಡ ಮೇಷ್ಟ್ರಾದ ನನ್ನ ರೂಢಿ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ನಮಗಾಗಿ ಒಬ್ಬರು ಮಾಡಿದ್ದನ್ನು ಬಲ್ಲವನೇ ಕೃತಜ್ಞ. ಥ್ಯಾಂಕ್ಸ್ ಹೇಳುವುದು ಆಮೇಲಿನ ಮಾತು, ಮೊದಲು ಅರಿಯಬೇಕು. ಪಾಲಿಯಲ್ಲಿ ಇದು ಕತಞ್ಞುತಾ. ಮಂಗಲ ಸುತ್ತದಲ್ಲಿ ಭಗವಾನರು ಎಣಿಸಿದ ಮಂಗಲಗಳಲ್ಲಿ ಇದೂ ಒಂದು. ತಾಯಿತಂದೆಯರ ಸೇವೆ, ಹೆಂಡತಿ ಮಕ್ಕಳ ಪೋಷಣೆಯೂ ಅಲ್ಲೇ ಇವೆ.

ಈ ಪದ ಹೇಳುವಾಗೆಲ್ಲ ನನಗೆ ನೆನಪಾಗುವವರು ಮಾತೆ ರಮಾಬಾಯಿ.

ರಮಾತಾಯಿ ಹುಟ್ಟಿದ್ದು 1898ರಲ್ಲಿ, ಕೊಂಕಣದ ದಾಪೋಲಿ ಬಳಿಯ ವಣಂದ್ ಗ್ರಾಮದಲ್ಲಿ. ತಂದೆ ದಾಭೋಳ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದರು. ತಾಯಿತಂದೆ ಇಬ್ಬರನ್ನೂ ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗಿ ಬಂಧುಗಳ ಆಸರೆಯಲ್ಲಿ ಮುಂಬೈ ಸೇರಿದಳು. ಭೀಮರಾಯರೊಂದಿಗೆ ಮದುವೆ ನಡೆದದ್ದು ಬೈಕುಲಾ ಮಾರುಕಟ್ಟೆಯಲ್ಲಿ, ದಿನದ ವ್ಯಾಪಾರ ಮುಗಿದ ಮೇಲೆ, ರಾತ್ರಿ ಹೊತ್ತು. ಅಂಗಡಿಯ ಕಲ್ಲುಕಟ್ಟೆಗಳೇ ಬಂದವರಿಗೆ ಆಸನ.

1912ರ ಡಿಸೆಂಬರಿನಲ್ಲಿ ಯಶವಂತ ಹುಟ್ಟಿದ. ಮುಂದಿನ ಫೆಬ್ರವರಿಯಲ್ಲಿ ಮಾವ ರಾಮ್‌ಜಿ ತೀರಿಕೊಂಡರು. ಅದೇ ವರ್ಷ ಬಾಬಾಸಾಹೇಬರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ಆಗ ರಮಾತಾಯಿಗೆ ಹದಿನೈದು ವರ್ಷ. 1917ರವರೆಗೆ, ಮತ್ತೆ 1920ರಿಂದ 1923ರವರೆಗೆ ಪತಿ ಕಡಲಾಚೆ. ಪರೇಲ್‌ನ ಚಾಳಿನ ಎರಡು ಕೋಣೆಗಳಲ್ಲಿ ಸಂಸಾರ ತೂಗಿಸಿದವರು ಈ ತಾಯಿ. ನಡುವೆ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಬಾಬಾಸಾಹೇಬರಿಗೆ ತಿಂಗಳಿಗೆ 450 ರೂಪಾಯಿ ಸಂಬಳ ಬಂತು. ಅದರಲ್ಲೂ ಲಂಡನ್ನಿನ ಓದಿಗಾಗಿ ಉಳಿಸಬೇಕಿತ್ತು. ಉಳಿತಾಯ ಎಂದರೆ ಏನೆಂದು ಅಡುಗೆಮನೆ ನೋಡಿದವರಿಗೆ ಗೊತ್ತು: ಯಾರದೋ ಒಂದು ತುತ್ತು ಕಡಿಮೆಯಾಗಿರುತ್ತದೆ.

ಐದು ಮಕ್ಕಳಲ್ಲಿ ಯಶವಂತ ಒಬ್ಬನೇ ಉಳಿದ. ಗಂಗಾಧರ, ರಮೇಶ, ಇಂದು ಎಳವೆಯಲ್ಲೇ ಹೋದರು. 1926ರಲ್ಲಿ ಕೊನೆಯ ಮಗ ರಾಜರತ್ನನೂ ಹೋದ.

ನಮ್ಮ ಧಾರವಾಡಕ್ಕೂ ಆ ತಾಯಿಯ ನಂಟಿದೆ. ಬಳವಂತರಾವ್ ವರಾಳೆಯವರು ಅಲ್ಲಿ ನಮ್ಮ ಮಕ್ಕಳ ವಿದ್ಯಾರ್ಥಿ ನಿಲಯ ನೋಡಿಕೊಳ್ಳುತ್ತಿದ್ದರು. ರಮಾತಾಯಿ ಅಲ್ಲಿ ತಂಗಿದ್ದಾಗ ದಿನಸಿ ಮುಗಿದು ಮಕ್ಕಳು ಹಸಿದಿದ್ದರಂತೆ. ತಾಯಿ ಕೈಬಳೆ ಬಿಚ್ಚಿ ಕೊಟ್ಟು, ಅಡವಿಟ್ಟು ಅಕ್ಕಿ ತರಿಸಿದರೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಹೆತ್ತ ನಾಲ್ವರನ್ನು ಕಳೆದುಕೊಂಡ ಕೈ ಅದು. ಅಂದು ಉಂಡ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಅನ್ನ ಎಲ್ಲಿಂದ ಬಂತೆಂದು ತಿಳಿದಿತ್ತೋ!

1935ರ ಮೇ 27ರಂದು ದಾದರ್‌ನ ರಾಜಗೃಹದಲ್ಲಿ ರಮಾತಾಯಿ ಕಣ್ಣುಮುಚ್ಚಿದರು. ಸ್ವಂತ ಮನೆಯ ಸುಖ ಸಿಕ್ಕಿದ್ದು ಸ್ವಲ್ಪವೇ ದಿನ. ಐದು ತಿಂಗಳೊಳಗೆ ಯೇವಲಾದ ಘೋಷಣೆ ಆಯಿತು. 1956ರ ನಾಗಪುರದ ದೀಕ್ಷೆಯನ್ನೂ ಅವರು ಕಾಣಲಿಲ್ಲ.

ಬಾಬಾಸಾಹೇಬರು ಋಣ ಮರೆತವರಲ್ಲ. 'ಥಾಟ್ಸ್ ಆನ್ ಪಾಕಿಸ್ತಾನ್' ಗ್ರಂಥಕ್ಕೆ ಮುನ್ನುಡಿ ಬರೆದದ್ದು 1940ರ ಡಿಸೆಂಬರಿನಲ್ಲಿ. ದೇಶದ ರಾಜಕಾರಣದ ಆ ದೊಡ್ಡ ಪುಸ್ತಕವನ್ನು ಅರ್ಪಿಸಿದ್ದು ರಾಮುವಿನ ನೆನಪಿಗೆ. ಆಕೆಯ ಒಳ್ಳೆಯ ಮನಸ್ಸನ್ನೂ, ಗೆಳೆಯರಿಲ್ಲದ ಬಡತನದ ದಿನಗಳಲ್ಲಿ ಜೊತೆಗೆ ನಿಂತು ಸಹಿಸಿದ್ದನ್ನೂ ಅಲ್ಲಿ ಸ್ಮರಿಸಿದರು. ಆ ಪುಟವನ್ನು ಓದಿದಾಗ ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಆಗುತ್ತದೆ. ಓದಬೇಕಾದವರು ತೀರಿಕೊಂಡು ಆಗಲೇ ಐದು ವರ್ಷವಾಗಿತ್ತು.

ನಾವು ರಮಾತಾಯಿಯನ್ನು ತ್ಯಾಗಮೂರ್ತಿ ಎಂದು ಕರೆಯುತ್ತೇವೆ. ಫೋಟೋಗೆ ಹಾರ ಹಾಕುತ್ತೇವೆ. ಆದರೆ ನಮ್ಮ ಮನೆಯ ಹೆಂಗಸರೂ ಹೀಗೆಯೇ ಸವೆಯಲಿ ಎಂಬ ಪಾಠವನ್ನು ಇದರಿಂದ ಕಲಿಯಬಾರದು. ಸಿಗಾಲೋವಾದ ಸುತ್ತದಲ್ಲಿ ಗಂಡನಿಗೂ ಐದು ಕರ್ತವ್ಯಗಳಿವೆ: ಹೆಂಡತಿಯನ್ನು ಗೌರವಿಸುವುದು, ಹೀಗಳೆಯದಿರುವುದು, ನಿಷ್ಠೆಯಿಂದಿರುವುದು, ಮನೆಯ ಅಧಿಕಾರ ಒಪ್ಪಿಸುವುದು, ಒಡವೆ ಕೊಡಿಸುವುದು. ಋಣವನ್ನು ಅರಿತವನು ಕೆಲಸದಲ್ಲೂ ಪಾಲು ತೆಗೆದುಕೊಳ್ಳಬೇಕು.

*ಇಂದಿನ ಅಭ್ಯಾಸ:* ರಾತ್ರಿ ಊಟಕ್ಕೆ ಕೂತಾಗ ತಟ್ಟೆಯನ್ನು ಒಂದು ಕ್ಷಣ ನೋಡಿ. ರೊಟ್ಟಿ ತಟ್ಟಿದ ಕೈ ಯಾರದು, ನೀರು ಹಿಡಿದಿಟ್ಟವರು ಯಾರು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ಯಾರು? ಅವರ ಹೆಸರು ಹಿಡಿದು ಒಂದು ಒಳ್ಳೆಯ ಮಾತಾಡಿ. ಊಟವಾದ ಮೇಲೆ ನಿಮ್ಮ ತಟ್ಟೆಯ ಜೊತೆ ಅವರ ತಟ್ಟೆಯನ್ನೂ ತೊಳೆದಿಡಿ. ಅವರು ಎದುರಿಗೆ ಇರುವಾಗಲೇ ಇದು ಆಗಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.