ದುಡಿಯುತ್ತ ಓದಿದ ವಿಶ್ವೇಶ್ವರಯ್ಯ

ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರು ಜನಿಸಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದರು. ಸೆಂಟ್ರಲ್ ಕಾಲೇಜು ಸೇರಿದಾಗ ಖರ್ಚಿಗೆ ಹಣವಿರಲಿಲ್ಲ. ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತಲೇ 1881ರಲ್ಲಿ ಬಿ.ಎ. ಮುಗಿಸಿದರು.

ಪಾಠ ಹೇಳುವ ಕೆಲಸ ಓದಿಗೆ ಹತ್ತಿರದ್ದು. ಹೇಳಿಕೊಡುವವನು ತಾನೂ ಕಲಿಯುತ್ತಾನೆ. ಆದರೆ ಅದಕ್ಕೆ ಕೊಟ್ಟ ಹೊತ್ತು ಸ್ವಂತ ಓದಿನ ಹೊತ್ತೇ. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದುವಷ್ಟು ಹಣವಂತೂ ಮನೆಪಾಠದಿಂದ ಹುಟ್ಟುವಂತಿರಲಿಲ್ಲ. ಆ ದಾರಿ ತೆರೆದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. 1883ರ ಪರೀಕ್ಷೆಯಲ್ಲಿ ಅವರು ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಮರುವರ್ಷ ಅದೇ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಆಗ ಆ ಪ್ರಾಂತ್ಯದಲ್ಲೇ ಇದ್ದವು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದದ್ದು ಅವರ ಕಾಲದಲ್ಲೇ. ಭದ್ರಾವತಿ ಕಾರ್ಖಾನೆಯಿಂದ ತಮಗೆ ಸಲ್ಲಬೇಕಿದ್ದ ಹಣವನ್ನು ಯುವಕರು ಕಸುಬು ಕಲಿಯುವ ಸಂಸ್ಥೆಗೆ ಬಿಟ್ಟುಕೊಟ್ಟರು. 1962ರಲ್ಲಿ ತೀರಿಕೊಂಡರು.

ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿದು, ಬೆಳಿಗ್ಗೆ ಕಾಲೇಜಿನ ಬಸ್ಸು ಹಿಡಿಯುವ ಮಕ್ಕಳು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ದುಡಿದ ಹಣ ಸ್ವಾಭಿಮಾನ ಕಲಿಸುತ್ತದೆ, ಜೊತೆಗೆ ನಿದ್ದೆಯನ್ನೂ ಓದನ್ನೂ ಕಸಿಯುತ್ತದೆ. ಪರೀಕ್ಷೆಯ ತಿಂಗಳುಗಳಲ್ಲಾದರೂ ಅವರ ಕೈ ಬಿಡುವಾಗಬೇಕು. ಅದಕ್ಕಾಗಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಸುವರ್ಣ ಮಹೋತ್ಸವದ ನೆನಪಿಗೆ ಒಂದು ವಿದ್ಯಾರ್ಥಿವೇತನ ನಿಧಿ ಕಟ್ಟಿದರೆ, ವಿಶ್ವೇಶ್ವರಯ್ಯನವರನ್ನು ನೆನೆದದ್ದು ಸಾರ್ಥಕವಾದೀತು.