ಪರವೂರಿನಲ್ಲಿ ನೆಲೆನಿಂತ ಚಿತ್ರಕಾರ ಎಲ್ ಗ್ರೆಕೊ

ಯುರೋಪು ಖಂಡವನ್ನು ಒಮ್ಮೆಯಾದರೂ ನೋಡಿ ಬರಬೇಕೆಂಬ ಆಸೆ ಈಗ ಸಿರಿವಂತರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಹೋಟೆಲಿನಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಂದೆಯನ್ನು ಹೊರದೇಶದಲ್ಲಿ ಉದ್ಯೋಗಿಯಾಗಿರುವ ಮಗನು ಕರೆಸಿಕೊಳ್ಳುವುದುಂಟು. ಕಚೇರಿಯ ಗುಮಾಸ್ತರು ವರ್ಷಗಟ್ಟಲೆ ಹಣ ಕೂಡಿಟ್ಟು ಹೊರಡುವುದೂ ಉಂಟು. ಅಂಥವರಲ್ಲಿ ಚಿತ್ರಕಲೆಯ ಅಭಿರುಚಿಯುಳ್ಳವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ದಿನಗಳು ಕೆಲವೇ, ಹಣವೂ ಮಿತ. ಒಂದೇ ಊರನ್ನು ಆರಿಸಬೇಕಾದರೆ ಯಾವುದನ್ನು ಆರಿಸುವುದು? ಪ್ಯಾರಿಸ್, ರೋಮ್, ಫ್ಲಾರೆನ್ಸ್, ವೆನಿಸ್ ಎಂಬ ಹೆಸರುಗಳು ಎಲ್ಲರ ಬಾಯಲ್ಲಿಯೂ ಇವೆ. ಅವುಗಳ ಹಿರಿಮೆಯನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ನಾಲ್ಕೂವರೆ ಶತಮಾನಗಳ ಹಿಂದೆ ವೆನಿಸನ್ನೂ ರೋಮನ್ನೂ ಕಣ್ಣಾರೆ ಕಂಡು, ಅಲ್ಲಿ ಬಾಳಿ, ಕೊನೆಗೆ ಎರಡನ್ನೂ ಬಿಟ್ಟು ಸ್ಪೇನ್ ದೇಶದ ಟೊಲೆಡೊ ಎಂಬ ಗುಡ್ಡದ ಮೇಲಣ ಊರಿನಲ್ಲಿ ನೆಲೆಸಿದ ಚಿತ್ರಕಾರನೊಬ್ಬನಿದ್ದನು. ಅವನ ಜೀವನವನ್ನು ಬಲ್ಲವರು ಊರನ್ನು ಆರಿಸುವ ಬಗೆಯನ್ನೂ ಬಲ್ಲವರಾಗುತ್ತಾರೆಂದು ನಮ್ಮ ನಂಬಿಕೆ.

ಲೋಕವು ಆತನನ್ನು ಎಲ್ ಗ್ರೆಕೊ ಎಂದು ಕರೆಯುತ್ತದೆ. ಅದು ಹೆಸರಲ್ಲ, ಗ್ರೀಕ ಎಂದಷ್ಟೇ ಅದರ ಅರ್ಥ. ತಂದೆತಾಯಿಗಳು ಇಟ್ಟ ಹೆಸರು ದೊಮೆನಿಕೋಸ್ ಥೆಯೊಟೊಕೊಪುಲೋಸ್. ಆತನು 1541ರಲ್ಲಿ ಕ್ರೀಟ್ ದ್ವೀಪದ ಕಾಂದಿಯಾ ಎಂಬಲ್ಲಿ, ಅಂದರೆ ಇಂದಿನ ಹೆರಾಕ್ಲಿಯೊನ್ ಪಟ್ಟಣದಲ್ಲಿ ಜನಿಸಿದನು. ಆಗ ಆ ದ್ವೀಪವು ವೆನಿಸ್ ಗಣರಾಜ್ಯದ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿನ ಚಿತ್ರಕಾರರು ಮರದ ಹಲಗೆಯ ಮೇಲೆ ಬಂಗಾರದ ಹಿನ್ನೆಲೆಯಿಟ್ಟು ಏಸು, ಮೇರಿ ಹಾಗೂ ಸಂತರ ಪೂಜಾಚಿತ್ರಗಳನ್ನು ಬರೆಯುತ್ತಿದ್ದರು. ಆ ಕಸುಬನ್ನು ಕಲಿತ ತರುಣನು ಇಪ್ಪತ್ತೆರಡನೆಯ ವಯಸ್ಸಿಗೇ ಸ್ವತಂತ್ರ ಚಿತ್ರಕಾರನೆನಿಸಿದ್ದನು. ಊರಿನಲ್ಲಿಯೇ ಇದ್ದಿದ್ದರೆ ಕೆಲಸಕ್ಕೆ ಕೊರತೆಯಾಗುತ್ತಿರಲಿಲ್ಲ. ಆದರೂ 1567ರ ಸುಮಾರಿಗೆ ಆತನು ಹಡಗು ಹತ್ತಿ ವೆನಿಸಿಗೆ ಹೊರಟುಹೋದನು.

ವೆನಿಸಿನಲ್ಲಿ ಆಗ ವೃದ್ಧ ಟಿಶಿಯನ್ ಇನ್ನೂ ಬದುಕಿದ್ದನು, ಟಿಂಟೊರೆಟ್ಟೊ ಉಚ್ಛ್ರಾಯದಲ್ಲಿದ್ದನು. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣವನ್ನು ಧಾರಾಳವಾಗಿ ಹರಿಯಬಿಡುವ ವಿದ್ಯೆಯನ್ನು ಕ್ರೀಟಿನ ತರುಣನು ಅಲ್ಲಿ ಕಲಿತನು. ಆದರೆ ದಿಗ್ಗಜರು ತುಂಬಿದ ಆ ಊರಿನಲ್ಲಿ ಹೊಸಬನಿಗೆ ದೊಡ್ಡ ಕೆಲಸ ದೊರೆಯುವುದು ಕಷ್ಟವಾಗಿತ್ತು. 1570ರಲ್ಲಿ ಆತನು ರೋಮಿಗೆ ಹೋದನು. ಪುಸ್ತಕಗಳಲ್ಲಿ ಕಿರುಚಿತ್ರ ಬರೆಯುವುದರಲ್ಲಿ ಪ್ರಸಿದ್ಧನಾಗಿದ್ದ ಜೂಲಿಯೊ ಕ್ಲೋವಿಯೊ ಎಂಬವನು ಕಾರ್ಡಿನಲ್ ಫಾರ್ನೇಸೆಗೆ ಶಿಫಾರಸು ಪತ್ರ ಬರೆದು, ಈ ತರುಣನಿಗೆ ಅರಮನೆಯಲ್ಲಿ ಇಳಿದುಕೊಳ್ಳಲು ಜಾಗ ಕೇಳಿದನು. ಪರವೂರಿಗೆ ಬಂದವನಿಗೆ ಮೊದಲು ಬೇಕಾಗುವುದು ತಲೆಯ ಮೇಲೊಂದು ಸೂರು ಮತ್ತು ಪರಿಚಯ ಹೇಳುವ ಒಂದು ಬಾಯಿ. ಅದು ಅಂದೂ ಹಾಗೆಯೇ ಇತ್ತು.

1572ರಲ್ಲಿ ರೋಮಿನ ಚಿತ್ರಕಾರರ ಸಂಘಕ್ಕೆ ಆತನು ಸದಸ್ಯನಾದನು. ಮೈಕೆಲೇಂಜೆಲೊ ತೀರಿಕೊಂಡು ಎಂಟು ವರ್ಷಗಳಷ್ಟೇ ಕಳೆದಿದ್ದವು. ಅಲ್ಲಿ ಅವನ ಮಾತೇ ವೇದವಾಗಿತ್ತು. ಮೈಕೆಲೇಂಜೆಲೊ ಸಿಸ್ಟೈನ್ ಪ್ರಾರ್ಥನಾಮಂದಿರದ ಗೋಡೆಯಲ್ಲಿ ಬರೆದ ಮಹಾಚಿತ್ರವನ್ನು ಕೆಡವಿದರೆ ಅದಕ್ಕೆ ಕಡಿಮೆಯಿಲ್ಲದಂತೆ ಬೇರೊಂದನ್ನು ತಾನು ಬರೆದುಕೊಡುವೆನೆಂದು ಗ್ರೀಕನು ಹೇಳಿದನೆಂದೂ, ಇದರಿಂದ ಚಿತ್ರಕಾರರೆಲ್ಲ ಸಿಟ್ಟಾಗಿ ಆತನು ಊರು ಬಿಡಬೇಕಾಯಿತೆಂದೂ ಅನೇಕ ವರ್ಷಗಳ ತರುವಾಯ ರೋಮಿನ ವೈದ್ಯನೊಬ್ಬನು ಬರೆದಿಟ್ಟಿದ್ದಾನೆ. ಅದು ಎಷ್ಟರಮಟ್ಟಿಗೆ ನಿಜವೋ, ಆತನ ಸ್ವಭಾವಕ್ಕಂತೂ ಒಪ್ಪುವ ಕಥೆಯಾಗಿದೆ.

1577ರಲ್ಲಿ ಆತನು ಸ್ಪೇನಿಗೆ ಬಂದನು. ದೊರೆ ಎರಡನೆಯ ಫಿಲಿಪನು ಮ್ಯಾಡ್ರಿಡ್ಡಿನ ಸಮೀಪದ ಎಸ್ಕೋರಿಯಲಿನಲ್ಲಿ ಮಠವೂ ಅರಮನೆಯೂ ಕೂಡಿದ ಭಾರಿ ಕಟ್ಟಡವನ್ನು ಕಟ್ಟಿಸುತ್ತಿದ್ದುದರಿಂದ ಚಿತ್ರಕಾರರಿಗೆ ಅಲ್ಲಿ ಬೇಡಿಕೆಯಿತ್ತು. ಮೊದಲ ಕೆಲಸ ಸಿಕ್ಕಿದ್ದು ಟೊಲೆಡೊದಲ್ಲಿ. ರೋಮಿನಲ್ಲಿ ಸ್ನೇಹಿತನಾಗಿದ್ದ ಲೂಯಿಸ್ ದೆ ಕಾಸ್ತಿಲ್ಯನ ತಂದೆ ಅಲ್ಲಿನ ಮಹಾಚರ್ಚಿನ ಡೀನ್ ಆಗಿದ್ದನು. ಆ ಪರಿಚಯದಿಂದ ಸಾಂತೊ ದೊಮಿಂಗೊ ಎಂಬ ಸನ್ಯಾಸಿನಿಯರ ಮಠದ ವೇದಿಕೆಗಳಿಗೆ ಚಿತ್ರ ಬರೆಯುವ ಕೆಲಸ ದೊರೆಯಿತು. ಜೊತೆಯಲ್ಲಿಯೇ, ಏಸುವಿನ ಮೈಮೇಲಿನ ಉಡುಪನ್ನು ಸೆಳೆಯುವ ದೃಶ್ಯವನ್ನು ಮಹಾಚರ್ಚಿಗಾಗಿ ಬರೆದನು. ಇಡೀ ಚಿತ್ರದ ನಡುವೆ ಒಂದೇ ಕೆಂಪು ನಿಲುವಂಗಿ ಉರಿಯುವಂತೆ ಕಾಣುತ್ತದೆ.

ಚಿತ್ರ ಮುಗಿದೊಡನೆ ತಕರಾರು ಎದ್ದಿತು. ಗುಂಪಿನ ಜನರ ತಲೆಗಳು ಏಸುವಿನ ತಲೆಗಿಂತ ಮೇಲಿವೆ, ಇದು ಅಪಚಾರ, ತೆಗೆದುಹಾಕಬೇಕು ಎಂದು ಚರ್ಚಿನವರು ಪಟ್ಟುಹಿಡಿದರು. ಚಿತ್ರಕಾರನ ಕಡೆಯ ಬೆಲೆಗಾರರು 900 ಡುಕಾಟ್ ನಾಣ್ಯಗಳೆಂದರೆ, ಚರ್ಚಿನ ಕಡೆಯವರು ಅದರ ಕಾಲುಭಾಗವೇ ಸಾಕೆಂದರು. ಕೊನೆಗೆ ಸಿಕ್ಕಿದ್ದು ಆತನ ಕಡೆಯವರು ಕಟ್ಟಿದ ಬೆಲೆಯ ಅರ್ಧಕ್ಕಿಂತಲೂ ಕಡಿಮೆ. ಹಣದ ವಿಷಯದಲ್ಲಿ ಆತನು ಸೋತನು; ಆದರೆ ಒಂದು ತಲೆಯನ್ನೂ ಅಳಿಸಲಿಲ್ಲ. ಆ ಚಿತ್ರವು ಇಂದಿಗೂ ಆ ಮಹಾಚರ್ಚಿನಲ್ಲಿಯೇ, ಎಲ್ಲ ತಲೆಗಳೊಡನೆ, ಇದೆ.

ದೊರೆಯ ಕೆಲಸವೂ ಬಂದಿತು. ಸಂತ ಮಾರಿಸನ ಬಲಿದಾನವನ್ನು ಕುರಿತ ಚಿತ್ರವನ್ನು ಎಸ್ಕೋರಿಯಲಿಗಾಗಿ ಬರೆದು 1582ರಲ್ಲಿ ಒಪ್ಪಿಸಿದನು. ದೊರೆಗೆ ಅದು ಮೆಚ್ಚಿಕೆಯಾಗಲಿಲ್ಲ. ಹಣವನ್ನೇನೋ ಕೊಟ್ಟರು, ಆದರೆ ವೇದಿಕೆಯಲ್ಲಿ ಅದನ್ನು ಇರಿಸದೆ ಬೇರೊಬ್ಬನಿಂದ ಅದೇ ವಿಷಯದ ಚಿತ್ರವನ್ನು ಬರೆಯಿಸಿದರು. ಆ ಬಳಿಕ ಅರಮನೆಯಿಂದ ಕರೆ ಬರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಬಿಟ್ಟು ಬಂದ ಮೂರು ಊರುಗಳು ಹಿಂದೆ, ಮುಚ್ಚಿದ ರಾಜದ್ವಾರ ಮುಂದೆ. ಟೊಲೆಡೊವನ್ನು ಆತನು ಆರಿಸಿಕೊಂಡನೋ, ಬೇರೆ ದಾರಿಯಿಲ್ಲದೆ ಅಲ್ಲಿ ಉಳಿದನೋ ಎಂದು ಬಿಡಿಸಿ ಹೇಳಲಾಗದು. ನಮ್ಮಲ್ಲಿ ಅನೇಕರ ಬದುಕಿನಲ್ಲಿಯೂ ಈ ಎರಡನ್ನು ಬೇರ್ಪಡಿಸುವುದು ಸುಲಭವಲ್ಲ.

ಟೊಲೆಡೊ ಕೂಡ ಕೈಬಿಡಲ್ಪಟ್ಟ ಊರೇ ಆಗಿತ್ತು. 1561ರಲ್ಲಿ ದೊರೆಯು ಆಸ್ಥಾನವನ್ನು ಮ್ಯಾಡ್ರಿಡ್ಡಿಗೆ ಒಯ್ದಿದ್ದನು. ಉಳಿದವರು ಪಾದ್ರಿಗಳು, ವಿದ್ವಾಂಸರು, ಹಳೆಯ ಮನೆತನದವರು. ಅವರೇ ಗ್ರೀಕನ ಗಿರಾಕಿಗಳಾದರು. 1586ರಲ್ಲಿ ಸಾಂತೊ ತೊಮೆ ಎಂಬ ಚರ್ಚಿನ ಪಾದ್ರಿಯು ಆತನಿಗೆ ಒಂದು ಕೆಲಸ ಕೊಟ್ಟನು. ಹದಿನಾಲ್ಕನೆಯ ಶತಮಾನದಲ್ಲಿ ತೀರಿಕೊಂಡ ಓರ್ಗಾಜ್ ಊರಿನ ಪ್ರಭುವೊಬ್ಬನು ಈ ಚರ್ಚಿಗೆ ಪ್ರತಿವರ್ಷ ಎರಡು ಟಗರು, ಹದಿನಾರು ಕೋಳಿ, ಎರಡು ತೊಗಲುಚೀಲ ದ್ರಾಕ್ಷಾರಸ, ಎರಡು ಹೊರೆ ಸೌದೆ ಮತ್ತು 800 ಮರವೇದಿ ನಾಣ್ಯಗಳನ್ನು ತನ್ನ ಊರಿನವರು ಕೊಡಬೇಕೆಂದು ಬರೆದಿಟ್ಟಿದ್ದನು. ಊರಿನವರು ಕೊಡುವುದನ್ನು ನಿಲ್ಲಿಸಿದಾಗ ಪಾದ್ರಿಯು ನ್ಯಾಯಾಲಯಕ್ಕೆ ಹೋಗಿ ಗೆದ್ದನು. ಆ ಪ್ರಭುವಿನ ಶವಸಂಸ್ಕಾರದ ವೇಳೆ ಇಬ್ಬರು ಸಂತರು ಸ್ವರ್ಗದಿಂದ ಇಳಿದುಬಂದು ದೇಹವನ್ನು ಸಮಾಧಿಯಲ್ಲಿರಿಸಿದರೆಂಬ ಐತಿಹ್ಯವೇ ಚಿತ್ರದ ವಸ್ತುವಾಯಿತು.

1588ರಲ್ಲಿ ಮುಗಿದ ಆ ಚಿತ್ರದ ಎತ್ತರ ಸುಮಾರು 4.8 ಮೀಟರು, ಅಗಲ 3.6 ಮೀಟರು. ಕೆಳಗೆ ಭೂಮಿ, ಮೇಲೆ ಸ್ವರ್ಗ. ನಡುವೆ ಕಪ್ಪು ಉಡುಪಿನ ಗೃಹಸ್ಥರ ಸಾಲು. ಆ ಗೃಹಸ್ಥರು ಪ್ರಭುವಿನ ಕಾಲದವರಲ್ಲ. ಚಿತ್ರಕಾರನು ದಿನವೂ ಬೀದಿಯಲ್ಲಿ ಕಾಣುತ್ತಿದ್ದ ಟೊಲೆಡೊದವರು. ಮುಂದೆ ನಿಂತು ಬೆರಳಿನಿಂದ ತೋರಿಸುತ್ತಿರುವ ಬಾಲಕನು ಆತನ ಮಗನಾದ ಹೋರ್ಹೆ ಮನುವೆಲ್. ಬಾಲಕನ ಜೇಬಿನ ಕರವಸ್ತ್ರದ ಮೇಲೆ ತಂದೆಯ ರುಜುವಿದೆ, ಮಗ ಹುಟ್ಟಿದ 1578ನೆಯ ವರ್ಷವೂ ಇದೆ. ಇದರ ಬೆಲೆಗೂ ಜಗಳವಾಯಿತು. 1,200 ಡುಕಾಟ್ ಎಂದು ನಿಗದಿಯಾದುದು ಹೆಚ್ಚಾಯಿತೆಂದು ಚರ್ಚಿನವರು ಮರುಬೆಲೆ ಕಟ್ಟಿಸಿದರೆ, ಎರಡನೆಯ ಬೆಲೆಗಾರರು 1,600 ಎಂದರು! ಕಡೆಗೆ 1,200ಕ್ಕೇ ತೀರ್ಮಾನವಾಯಿತು.

ಹೀಗೆ ಮೂವತ್ತೇಳು ವರ್ಷ ಆತನು ಟೊಲೆಡೊದಲ್ಲಿ ಬಾಳಿದನು. ಮಗನ ತಾಯಿ ಹೆರೋನಿಮಾ ದೆ ಲಾಸ್ ಕ್ವೇವಾಸ್ ಎಂಬವಳು ಆ ನಾಡಿನ ಸ್ತ್ರೀಯೇ. ಸ್ವಂತ ಮನೆಯಿರಲಿಲ್ಲ, ಪ್ರಭುವೊಬ್ಬನ ಹಳೆಯ ಅರಮನೆಯ ಕೋಣೆಗಳಲ್ಲಿ ಬಾಡಿಗೆಗಿದ್ದನು. ಆದರೆ ತನ್ನ ಮೂಲವನ್ನು ಮರೆಯಲಿಲ್ಲ. 1582ರಲ್ಲಿ ಗ್ರೀಕ್ ಆಳೊಬ್ಬನು ಧರ್ಮವಿಚಾರಣೆಯ ನ್ಯಾಯಾಲಯದಲ್ಲಿ ಸಿಕ್ಕಿಬಿದ್ದಾಗ, ಅವನ ಮಾತನ್ನು ಸ್ಪೇನಿನ ಭಾಷೆಗೆ ತಿಳಿಹೇಳಲು ದುಭಾಷಿಯಾಗಿ ನಿಂತವನು ಈತನೇ. ವ್ಯಾಪಾರದಲ್ಲಿ ದಿವಾಳಿಯೆದ್ದ ಅಣ್ಣನು ಕ್ರೀಟಿನಿಂದ ಬಂದು ತನ್ನ ಕೊನೆಯ ದಿನಗಳನ್ನು ತಮ್ಮನ ಮನೆಯಲ್ಲಿಯೇ ಕಳೆದು, 1604ರಲ್ಲಿ ತೀರಿಕೊಂಡನು. ಸ್ಪೇನಿನವರಿಗೆ ಓದಲು ಬಾರದಿದ್ದರೂ, ಆತನು ಚಿತ್ರಗಳ ಮೇಲೆ ತನ್ನ ಪೂರ್ಣ ಹೆಸರನ್ನು ಗ್ರೀಕ್ ಲಿಪಿಯಲ್ಲಿಯೇ ಬರೆಯುತ್ತಿದ್ದನು. ಕೆಲವೊಮ್ಮೆ ಕ್ರೀಟಿನವನೆಂದೂ ಸೇರಿಸುತ್ತಿದ್ದನು.

ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಇಯೆಸ್ಕಾಸ್ ಎಂಬ ಊರಿನ ಧರ್ಮಾಸ್ಪತ್ರೆಯ ಕೆಲಸದ ಬೆಲೆಗಾಗಿ ವರ್ಷಗಟ್ಟಲೆ ವ್ಯಾಜ್ಯವಾಡಿ ಸೋತನು. 1614ನೆಯ ಏಪ್ರಿಲ್ 7ರಂದು ಆತನು ನಿಧನ ಹೊಂದಿದನು. ಕೊನೆಯ ಪತ್ರಕ್ಕೆ ಸಾಕ್ಷಿ ಹಾಕಿದವರಲ್ಲಿ ಗ್ರೀಕ್ ಸ್ನೇಹಿತರಿದ್ದರು. ಮಗನು ಬರೆದ ಪಟ್ಟಿಯಲ್ಲಿ ಬೆಲೆಬಾಳುವ ಪೀಠೋಪಕರಣಗಳಿಲ್ಲ. ಸುಮಾರು 130 ಪುಸ್ತಕಗಳು, ನೂರಕ್ಕೂ ಹೆಚ್ಚು ಚಿತ್ರಗಳು, ಅವುಗಳಲ್ಲಿ ಎಷ್ಟೋ ಅರ್ಧ ಬರೆದವು. ಟೊಲೆಡೊಕ್ಕೆ ಬಂದಾಗ ಮೊದಲು ಕೆಲಸ ಮಾಡಿದ ಸಾಂತೊ ದೊಮಿಂಗೊ ಮಠದಲ್ಲಿಯೇ ಆತನನ್ನು ಹೂಳಿದರು.

ಆಮೇಲೆ ಜನರು ಮರೆತರು. ಉದ್ದಗೆ ಎಳೆದಂತಿರುವ ಆ ದೇಹಗಳನ್ನೂ ಬೂದಿ ಬಣ್ಣದ ಮುಖಗಳನ್ನೂ ಕಂಡು ಹುಚ್ಚಾಟವೆಂದವರೂ, ಕಣ್ಣಿನ ದೋಷವೆಂದವರೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಲಾವಿದರ ಕಣ್ಣು ಮತ್ತೆ ಇತ್ತ ತಿರುಗಿತು. 1908ರಲ್ಲಿ ಕೊಸ್ಸಿಯೊ ಎಂಬ ಸ್ಪೇನಿನ ವಿದ್ವಾಂಸನು ಆತನನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ತರುಣ ಪಿಕಾಸೊ ಆತನಿಂದ ಕಲಿತನು. 2014ರಲ್ಲಿ ನಾಲ್ಕುನೂರನೆಯ ಪುಣ್ಯತಿಥಿಯನ್ನು ಟೊಲೆಡೊ ಊರು ಅದ್ದೂರಿಯಾಗಿ ಆಚರಿಸಿತು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ದೊಡ್ಡ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಸಾವಿರಾರು ಚಿತ್ರಗಳಿವೆ. ಆದರೆ ಹೆಚ್ಚಿನವು ತಮ್ಮ ಮನೆಬಿಟ್ಟು ಬಂದ ಚಿತ್ರಗಳು. ಗ್ರೀಕನ ಚಿತ್ರಗಳೂ ಚದರಿವೆ. ಸಾಂತೊ ದೊಮಿಂಗೊದ ನಡುವಣ ದೊಡ್ಡ ಚಿತ್ರವು ಅಮೆರಿಕದ ಶಿಕಾಗೊದಲ್ಲಿದೆ. ಮೋಡ ಕವಿದ ಟೊಲೆಡೊದ ನೋಟವು ನ್ಯೂಯಾರ್ಕಿನಲ್ಲಿದೆ. ಆದರೂ ಸಾಂತೊ ತೊಮೆಯ ಚಿತ್ರವನ್ನು ಅದನ್ನು ಬರೆಸಿದ ಚರ್ಚಿನಲ್ಲಿಯೇ ನಿಂತು ನೋಡಬಹುದು. ಹೊರಬಂದರೆ ಅದೇ ಓಣಿಗಳು, ಮೂರು ಕಡೆ ಸುತ್ತಿ ಹರಿಯುವ ಅದೇ ತಾಹೊ ನದಿ. ಮ್ಯಾಡ್ರಿಡ್ಡಿನಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮೊದಲ ದಿನ ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿ ಆತನ ಚಿತ್ರಗಳನ್ನು ನೋಡಿ, ಮರುದಿನ ಟೊಲೆಡೊಕ್ಕೆ ಹೋಗಿ ಮಹಾಚರ್ಚು, ಸಾಂತೊ ತೊಮೆ, ಆತನ ಹೆಸರಿನ ಸಂಗ್ರಹಾಲಯಗಳನ್ನು ನಡೆದೇ ನೋಡಿ ಮುಗಿಸಬಹುದು. ಹತ್ತು ಊರುಗಳನ್ನು ಓಡುತ್ತ ನೋಡುವುದಕ್ಕಿಂತ, ಒಬ್ಬನ ಬಾಳನ್ನು ತಿಳಿದುಕೊಂಡು ಆತನ ಒಂದೇ ಊರನ್ನು ನಿಧಾನವಾಗಿ ನೋಡುವುದು ಲೇಸು.

ಕುಂದಾಪುರದವನಾಗಲಿ, ಕಾರ್ಕಳದವನಾಗಲಿ, ಮುಂಬಯಿಯ ಗಿರಾಕಿಗೆ ನಾವೆಲ್ಲರೂ ಉಡುಪಿಯವರೇ. ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತಿದ್ದ ವರ್ಷಗಳಲ್ಲಿ ನನ್ನ ಹೆಸರನ್ನು ಕೇಳಿದವರು ಕೆಲವರೇ. ಟೊಲೆಡೊದಲ್ಲಿಯೂ ಆತನು ಬರಿಯ ಗ್ರೀಕನೇ ಆಗಿದ್ದನು. ಅದಕ್ಕಾಗಿ ಆತನು ಮುನಿಯಲಿಲ್ಲ, ಮೂವತ್ತೇಳು ವರ್ಷ ಆ ಊರಿಗಾಗಿ ದುಡಿದನು. ಆದರೆ ಕೆಲಸ ಮುಗಿದಾಗ ಅದರ ಮೂಲೆಯಲ್ಲಿ ತನ್ನ ಹೆಸರನ್ನು ತನ್ನ ಅಕ್ಷರಗಳಲ್ಲಿಯೇ ಬರೆದನು. ಅಂದು ಆ ಊರು ಚೌಕಾಶಿ ಮಾಡಿ ಹಣ ಕೊಟ್ಟಿತು. ಇಂದು ಲೋಕದ ಜನರು ಅದೇ ಊರಿಗೆ ಬರುವುದು ಬಹುಮಟ್ಟಿಗೆ ಆತನಿಗಾಗಿ.