ಕಿಟಕಿಯ ಕೆಳಗಿನ ಪೀಪಾಯಿ

ಸರ್ ರೊನಾಲ್ಡ್ ರಾಸ್ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಮಲೇರಿಯ, ಸಿಕಂದರಾಬಾದು, 1902ರ ನೊಬೆಲ್ ಬಹುಮಾನ. ನನಗಾದರೋ, ಅದಕ್ಕೂ ಮೊದಲು ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಣ್ಣ ಸಂಗತಿ ಆತನ ಜೀವನದಲ್ಲಿ ಹಿರಿದಾಗಿ ತೋರುತ್ತದೆ.

1857ರಲ್ಲಿ ಅಲ್ಮೋರದಲ್ಲಿ ಜನಿಸಿದ ರಾಸನ ಒಲವೆಲ್ಲ ಕಾವ್ಯ ಸಂಗೀತಗಳ ಕಡೆಗಿದ್ದಿತು. ವೈದ್ಯನಾದುದು ತಂದೆಯ ಇಚ್ಛೆಗೆ ಮಣಿದು. 1883ರಲ್ಲಿ ಬೆಂಗಳೂರಿನ ದಂಡಿಗೆ ವೈದ್ಯಾಧಿಕಾರಿಯಾಗಿ ಬಂದಾಗ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಕಾರಣವನ್ನರಸಿದವನಿಗೆ ಕಿಟಕಿಯ ಕೆಳಗಿನ ಪೀಪಾಯಿಯ ನೀರಿನಲ್ಲಿ ಸೊಳ್ಳೆಮರಿಗಳು ಹೊರಳಾಡುವುದು ಕಂಡಿತು. ನೀರನ್ನು ಚೆಲ್ಲಿಸಿದನು, ಕಾಟ ತಗ್ಗಿತು. ಉಳಿದೆಡೆಗಳಲ್ಲಿಯೂ ಹೀಗೆಯೇ ಮಾಡಬಹುದೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ.

1895ರಲ್ಲಿ ಕಾಲರಾ ನಿವಾರಣೆಗಾಗಿ ರಾಸನು ಮರಳಿ ಬೆಂಗಳೂರಿಗೆ ಬಂದನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರವನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯದ ಜೀವಿಯನ್ನು ಕಂಡನು. ಆ ಹರ್ಷವನ್ನು ಪದ್ಯದಲ್ಲಿ ತೋಡಿಕೊಂಡುದು ಕವಿಹೃದಯಕ್ಕೆ ಸಹಜವೇ. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.

ರಾಸನು ಕಂಡುದು ವೈರಸ್ಸನ್ನಲ್ಲ, ನಿಜ. ಆದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಾಳುವ ನನಗೆ ಆತನ ಪೀಪಾಯಿ ಮರೆಯದು. 2006ರಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಮಿಕ್ಕ ಜನರಿಗೆ ಚಿಕೂನ್‌ಗುನ್ಯಾ ತಗುಲಿರುವ ಶಂಕೆಯಿದ್ದಿತು; ತುಮಕೂರು ಜಿಲ್ಲೆಯೂ ಅದಕ್ಕೆ ತುತ್ತಾಯಿತು. ಈ ಜ್ವರದ ಕೀಲುನೋವನ್ನು ನಮ್ಮವರು ಬಲ್ಲರು. ಆದರೆ ಬಲು ಅಪರೂಪವಾಗಿ ಅದು ಮಿದುಳಿಗೋ ಬೆನ್ನುಹುರಿಗೋ ಉರಿಯೂತವನ್ನು ತರುತ್ತದೆ. ಇನ್ನು ಕೆಲವರಲ್ಲಿ ಜ್ವರವಿಳಿದ ಮೇಲೆ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಸ್ವಂತ ನರಗಳ ಮೇಲೆರಗುತ್ತದೆ. ಗಿಲನ್-ಬಾರೆ ಎಂಬ ಈ ವ್ಯಾಧಿಯಲ್ಲಿ ಕಾಲಿನಿಂದ ತೊಡಗಿದ ನಿಶ್ಶಕ್ತಿ ಮೇಲೇರಿ ಉಸಿರನ್ನೇ ತಡೆಯಬಹುದು. ಒಡನೆ ಆಸ್ಪತ್ರೆ ಸೇರಿದವರಲ್ಲಿ ಬಹುಮಂದಿ ಚೇತರಿಸಿಕೊಳ್ಳುತ್ತಾರೆ. ಜ್ವರದ ಹಿಂದೆಯೇ ಕಾಲು ಸೋತರೆ, ಮಂಪರು ಕವಿದರೆ, ಅದನ್ನು ಬರಿಯ ಬಳಲಿಕೆಯೆಂದು ತಳ್ಳಿಹಾಕಬಾರದು.

ಚಿಕೂನ್‌ಗುನ್ಯಾ ವೈರಸ್ಸನ್ನೇ ಕೊಲ್ಲುವ ಮದ್ದು ಇಂದಿಗೂ ಇಲ್ಲ. ಅದನ್ನು ಹೊರುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಮನೆಯ ಸುತ್ತ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಹಿತ್ತಿಲಿನ ಬಾನಿ, ಎಸೆದ ಎಳನೀರು ಬುರುಡೆ, ಕೊಬ್ಬರಿ ಸುಲಿದುಳಿದ ಚಿಪ್ಪು, ಇವುಗಳಲ್ಲಿ ಮಳೆಯ ನೀರು ಒಂದೆರಡು ವಾರ ನಿಂತರೆ ಸಾಕು, ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯದ ಮೊಟ್ಟೆಗಳಿಗಾಗಿ ಬಾನಿಯ ಒಳಮೈಯನ್ನು ಉಜ್ಜಿ ತೊಳೆಯಬೇಕು.

ಸೂಕ್ಷ್ಮದರ್ಶಕದ ಮುಂದಿನ ಆ ತಪಸ್ಸು ಎಲ್ಲರಿಗೂ ಸಾಧ್ಯವಲ್ಲ. ವಾರಕ್ಕೊಮ್ಮೆ ಚಿಪ್ಪುಗಳನ್ನು ಬೋರಲು ಹಾಕುವ ಕೆಲಸವಾದರೋ ನಮ್ಮ ಶಾಲೆಯ ಮಕ್ಕಳ ಕೈಗೂ ಎಟಕುವಂಥದು. ರಾಸನ ಸ್ಮರಣೆಗೆ ಅದಕ್ಕಿಂತ ಒಪ್ಪುವ ಬಗೆ ನನಗೆ ಬೇರೆ ಕಾಣದು.